ದೆವ್ವದ ಪೆಟ್ಟಿಗೆಯ ಗುಣದೋಷ

ಜೂನ್ ೩, ಮಂಗಳವಾರ

ಬುಗುರಿಗೆ,

ಈಗ ಮಧ್ಯಾಹ್ನ ಮೂರೂಕಾಲು. ಬೆಳಗಿನಿಂದ ಶಾಲೆಯ ಹದಿನಾಲ್ಕು ಲಂಗಗಳ ಅಂಚು ಬಿಚ್ಚಿ ಉದ್ದ ಮಾಡಿದೆ. ರಜೆಯಲ್ಲಿ ಹುಡುಗಿಯರೆಲ್ಲ ಒಂದೊಂದು ಗೇಣು ಬೆಳೆದು ಬಂದಿದ್ದಾರೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟಿದ್ದೇನೆ. ಅದು ಒಳಗೆಲ್ಲ ಇಳಿಯುವ ತನಕ ನನಗೆ ಬಿಡುವು. ಅಷ್ಟರಲ್ಲಿ ಈ ಪತ್ರ ಮುಗಿಸಬೇಕು, ಇಲ್ಲದಿದ್ದರೆ ನಾಳೆ ನೋಡೋಣ ಎನ್ನುತ್ತೇನೆ. ನಿನ್ನಣ್ಣ ಹೋದ ಮೇಲಿನ ಎಂಟು ತಿಂಗಳೂ ಹಾಗೆಯೇ ಹೋದವು.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಅತ್ತರೆ ನೀನು ಬೈಯುತ್ತೀಯ, ನೀನು ಅತ್ತರೆ ನಾನು ಬೈಯುತ್ತೇನೆ. ಕಾಗದಕ್ಕೆ ಆ ತಾಪತ್ರಯವಿಲ್ಲ.

ವಿಷಯ ಇಷ್ಟೆ. ನಿನ್ನಣ್ಣನ ಆಟದ ಮನೆಯನ್ನು ಜುಲೈ ಕೊನೆಗೆ ಖಾಲಿ ಮಾಡಬೇಕು. ಅಲ್ಲಿಗೆ ಹಲ್ಲಿನ ಡಾಕ್ಟರು ಬರುತ್ತಾರಂತೆ. ಕಾರಿನ ಆಟಗಳು, ಚೆಂಡಿನ ಆಟಗಳು ಎಲ್ಲ ಒಬ್ಬೊಬ್ಬರ ಪಾಲಾದವು. ಉಳಿದಿರುವುದು ನೀವಿಬ್ಬರೂ ಬಂದೂಕು ಹಿಡಿದು ಪರದೆಯ ಮೇಲೆ ದೆವ್ವ ಹೊಡೆಯುತ್ತಿದ್ದ ಆ ದೆವ್ವದ ಪೆಟ್ಟಿಗೆ ಒಂದೇ. ಕೆರೆಯ ದಂಡೆಯಲ್ಲಿ ಹೊಸದಾಗಿ ಆಟದ ಮನೆ ತೆರೆಯುತ್ತಿರುವ ಹೆಂಗಸೊಬ್ಬರು ನೋಡಲು ಬಂದಿದ್ದರು. ಕೊರಳಲ್ಲಿ ಎರಡು ಕನ್ನಡಕ ನೇತುಹಾಕಿಕೊಂಡಿದ್ದರು, ಆದ್ದರಿಂದ ನನ್ನ ಬಾಯಲ್ಲಿ ಅವರು ಜೋಡಿ ಕನ್ನಡಕದಮ್ಮ. ಪೆಟ್ಟಿಗೆಯನ್ನು ಸುತ್ತಿ ಬಂದು ಹೇಳಿದರು:

“ಇದರ ಗುಣ ಏನು, ದೋಷ ಏನು, ಎರಡೂ ಬರ್ದು ಕೊಡಿ. ಆಮೇಲೆ ತಗೊಳ್ಳೋದೋ ಬಿಡೋದೋ ಹೇಳ್ತೀನಿ.”

“ದೋಷಾನೂ ಬರೀಬೇಕಾ?”

“ದೋಷ ಇಲ್ಲದ ಯಂತ್ರ ಅಂದ್ರೆ ಯಾರೂ ಆಡದೇ ಇರೋ ಯಂತ್ರ. ಅಂಥದ್ದು ಕಟ್ಕೊಂಡು ನಾನೇನು ಮಾಡ್ಲಿ?”

ಅವರು ಬೇಡವೆಂದರೆ ಪೆಟ್ಟಿಗೆ ಗುಜರಿಗೇ ಹೋಗಬೇಕು. ಇಪ್ಪತ್ತೆರಡು ವರ್ಷದಲ್ಲಿ ನಾನು ಅದನ್ನು ಒರೆಸಿದ್ದು ಬಿಟ್ಟರೆ ಮುಟ್ಟಿದವಳಲ್ಲ. ಅದರ ಹೊಟ್ಟೆಯೊಳಗಿನದು ನಿನಗೆ ಗೊತ್ತು. ಬರೆದು ಕಳಿಸು.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನು ನಿನಗೆ ಆಡಿದ ಮಾತು ನನಗೆ ನೆನಪಿದೆ. ಅದನ್ನು ಬರೆಯಲು ಇವತ್ತಿನ ಎಣ್ಣೆ ಸಾಲದು.

ಇಂತಿ,
ಅತ್ತಿಗೆ


ಜೂನ್ ೧೪, ಶನಿವಾರ

ಅತ್ತಿಗೆ,

ಚಾಲಕರ ವಿಶ್ರಾಂತಿ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಗೂಡ್ಸ್ ರೈಲಿನಲ್ಲಿ ಐವತ್ತೆಂಟು ಡಬ್ಬಿ ಸಿಮೆಂಟು ಎಳೆದು ತಂದು ನಿಲ್ಲಿಸಿದ್ದೇನೆ. ಪಕ್ಕದ ಮಂಚದಲ್ಲಿ ಒಬ್ಬ ಹಿರಿಯ ಚಾಲಕರು ಗೊರಕೆ ಹೊಡೆಯುತ್ತಿದ್ದಾರೆ, ಇಂಜಿನ್ನು ಮನೆಗೇ ಬಂದ ಹಾಗಿದೆ.

ಮಾರುವುದಾದರೆ ಮಾರಿ. ನನ್ನನ್ನೇಕೆ ಕೇಳುತ್ತೀರಿ? “ಆ ಪೆಟ್ಟಿಗೇನೇ ಅವರನ್ನ ತಿಂದಿದ್ದು, ಅದಕ್ಕೆ ತುತ್ತು ಕಲಸಿ ಕೊಟ್ಟೋಳು ನೀನು” ಎಂದವರು ನೀವು. ನನಗೂ ನೆನಪಿದೆ.

ಹೀಗೆ ಬರೆದು ನಾಲ್ಕು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಆಮೇಲೆ ನನ್ನ ಕ್ವಾರ್ಟರ್ಸಿನ ಬಾಗಿಲು ಅಳೆದೆ. ಪೆಟ್ಟಿಗೆಗಿಂತ ಮೂರು ಬೆರಳು ಕಮ್ಮಿ. ಇನ್ನೊಂದು ಸಲ ಅಳೆದರೂ ಅಷ್ಟೆ. ಬಾಗಿಲೇನು ಲಂಗವೇ, ಅಂಚು ಬಿಚ್ಚಿ ಅಗಲ ಮಾಡಲಿಕ್ಕೆ! ಹಾಗಾಗಿ ಗುಣಗಳನ್ನು ಬರೆಯುತ್ತೇನೆ, ಗುಜರಿಗೆ ಹಾಕಬೇಡಿ.

ಒಂದು, ಸದ್ದು. ಆಟಗಾರರ ಬೆನ್ನ ಹಿಂದೆಯೂ ಎರಡು ಸ್ಪೀಕರು ಇವೆ. ಪರದೆಯ ಮೇಲೆ ಏನೂ ಇರುವುದಿಲ್ಲ, ಬೆನ್ನ ಹಿಂದೆ ಬಾಗಿಲು ಕಿರ್ರೆನ್ನುತ್ತದೆ. ಇಪ್ಪತ್ತು ವರ್ಷ ಆಡಿದವಳು ನಾನು, ಈಗಲೂ ತಿರುಗಿ ನೋಡುತ್ತೇನೆ. ಇನ್ನೊಂದು, ಎಲ್ಲಿ ಕಾಲಿಡಬೇಕು ಎಂಬ ಚಿಂತೆ ಇಲ್ಲ. ಹಳಿಯ ಮೇಲಿನ ಪುಟ್ಟ ಗಾಡಿ ತಾನೇ ನಿಮ್ಮನ್ನು ಪಾಳು ಬಂಗಲೆಯೊಳಗೆ ಕರೆದುಕೊಂಡು ಹೋಗುತ್ತದೆ, ಅಡುಗೆಮನೆ, ಮೆಟ್ಟಿಲು, ನೆಲಮಾಳಿಗೆ. ನೀವು ಬಂದೂಕು ಹಿಡಿದು ಬಂದದ್ದಕ್ಕೆ ಹೊಡೆಯಬೇಕು, ಅಷ್ಟೆ. ಹಾಗಾಗಿ ಅಜ್ಜಿಯೂ ಆಡಬಹುದು. ಎಲ್ಲಕ್ಕಿಂತ ದೊಡ್ಡ ಗುಣ, ಇದು ಇಬ್ಬರ ಆಟ. ಒಬ್ಬರು ಗುಂಡು ತುಂಬಿಕೊಳ್ಳುವಾಗ ಇನ್ನೊಬ್ಬರು ಕಾಯುತ್ತಾರೆ. ನಾನು ಕಿರುಚಿದಾಗಲೆಲ್ಲ ಅಣ್ಣ, “ಬುಗುರಿ, ದೆವ್ವಕ್ಕೇ ಹೆದರಿಕೆ ಆಗತ್ತೆ, ಮೆತ್ತಗೆ” ಅನ್ನುತ್ತಿದ್ದ.

ದೋಷಗಳನ್ನು ನಾನು ಬರೆಯುವುದಿಲ್ಲ. ನನ್ನ ಕಣ್ಣಿಗೆ ಕಾಣುವುದಿಲ್ಲ. ಅದನ್ನು ದ್ವೇಷಿಸುವವರು ನೀವಲ್ಲವೇ? ಒಂದು ಸಲ ನೀವೇ ಆಡಿ, ಹುಡುಕಿ ಬರೆಯಿರಿ.

ಬುಗುರಿ


ಜೂನ್ ೨೭, ಶುಕ್ರವಾರ

ಬುಗುರಿಗೆ,

ಈಗ ಸಂಜೆ ಐದು. ಇವತ್ತು ಹೊಲಿಗೆ ಏನೂ ಆಗಲಿಲ್ಲ. ನಾನು ಆಡಿದೆ.

ಹನ್ನೊಂದು ಗಂಟೆಗೆ ಬೀಗ ತೆಗೆದು, ಯಾರೂ ನೋಡದಿರಲಿ ಎಂದು ಷಟರನ್ನು ಸೊಂಟದ ಮಟ್ಟಕ್ಕೆ ಇಳಿಸಿದೆ. ಖಾಲಿ ಗೋಡೆಗಳ ನಡುವೆ ಅದೊಂದೇ ನಿಂತಿತ್ತು, ಎಲ್ಲರೂ ಹೋದ ಮೇಲೂ ಹೊರಡದ ನೆಂಟನ ಹಾಗೆ. ಎಡಗಡೆ ನಿನ್ನಣ್ಣನ ಜಾಗ, ಅಲ್ಲಿ ನಿಲ್ಲಲು ಮನಸ್ಸಾಗಲಿಲ್ಲ. ಬಲಗಡೆಯ ಬಂದೂಕು ಎತ್ತಿಕೊಂಡೆ. ಹೊಲಿಗೆಯವಳ ಕೈಗೆ ಅದು ಭಾರ. ಇದನ್ನು ಮೊದಲ ದೋಷ ಎಂದು ಬರೆದುಕೊಂಡೆ.

ಆಟ ಶುರುವಾಯಿತು. ತಲೆಯಿಲ್ಲದ ಅಡುಗೆಯವ ಸೌಟು ಹಿಡಿದು ಬಂದ. ಅವನ ಎದೆಗೆ ಗುರಿ ಇಟ್ಟು ಹೊಡೆದೆ, ಪಕ್ಕದ ಮಡಕೆ ಒಡೆಯಿತು. ಮತ್ತೆ ಹೊಡೆದೆ, ಇನ್ನೊಂದು ಮಡಕೆ. ಅಡುಗೆಯವನಿಗೆ ಒಂದು ಗೀರೂ ಇಲ್ಲ, ಅವನ ಪಾತ್ರೆ ಪಗಡೆಯೆಲ್ಲ ಚೂರು ಚೂರು. ಆಗ ಬೆನ್ನ ಹಿಂದೆ ಬಾಗಿಲು ಕಿರ್ರೆಂದಿತು. ನೀನು ಬರೆದದ್ದು ನೆನಪಿಗೆ ಬರಲಿಲ್ಲ. ನಾನು ಎಂಥ ಕೂಗು ಹಾಕಿದೆ ಎಂದರೆ ಎದುರಿನ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯ ಸಮೇತ ಷಟರಿನ ಕೆಳಗೆ ನುಸುಳಿ ಬಂದರು.

“ಏನಾಯ್ತಮ್ಮ? ಹಾವಾ?”

“ಅಲ್ಲ, ಅಡುಗೆಯವನು!”

ಅವರು ನಿಂತು ನೋಡಿದರು. ನಾನು ಹೊಡೆದದ್ದು ಒಂದೂ ತಾಗುತ್ತಿಲ್ಲ, ಆದರೂ ನಾನು ಸಾಯುತ್ತಿಲ್ಲ. ಒಂದನೇ ಮಹಡಿ ದಾಟಿದೆ, ಎರಡನೆಯದು ದಾಟಿದೆ. ಕೊನೆಗೆ ಅವರೇ ಕಂಡುಹಿಡಿದರು. “ಅಮ್ಮಾ, ನಿಮ್ಮ ಕಾಲು ನೋಡ್ಕೊಳ್ಳಿ!”

ಕೆಳಗೆ ಒಂದು ಪೆಡಲು ಇದೆಯಲ್ಲ, ಒತ್ತಿದರೆ ಗೋಡೆಯ ಮರೆಗೆ ಸರಿಯುವುದು, ಬಿಟ್ಟರೆ ಹೊರಗೆ ಬರುವುದು? ನನ್ನ ಕಾಲು ಅದನ್ನು ಹೊಲಿಗೆ ಯಂತ್ರವೆಂದು ತಿಳಿದು ತುಳಿಯುತ್ತಲೇ ಇತ್ತು. ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು. ನಾನು ಮರೆಗೆ ಸರಿದು ಹೊರಗೆ ಬಂದು ಮತ್ತೆ ಸರಿದು ಬರುತ್ತಿದ್ದೆ. ದೆವ್ವಗಳು ಕೈ ಎತ್ತುವಷ್ಟರಲ್ಲಿ ನಾನಿಲ್ಲ. ಅವು ಪಾಪ, ಬಂದು ಬಂದು ಸುಸ್ತಾಗಿ ಹೋದವು. ಗಡಿಯಾರದವರು ಗೋಡೆ ಹಿಡಿದು ನಕ್ಕರು. ನಾನೂ ನಕ್ಕೆ ಬುಗುರಿ. ಎಂಟು ತಿಂಗಳ ಮೇಲೆ ನನ್ನ ನಗು ನನಗೇ ಕೇಳಿಸಿತು. ಯಾರದೋ ಎಂದುಕೊಂಡೆ.

ದೋಷಗಳು ಇವು. ಬಂದೂಕು ಭಾರ. ಪೆಡಲನ್ನು ಸುಮ್ಮನೆ ತುಳಿಯುತ್ತಿದ್ದರೆ ದೆವ್ವಗಳಿಗೆ ಏನೂ ಮಾಡಲು ಬರುವುದಿಲ್ಲ. ಅಡುಗೆಯವ ಪ್ರತಿಸಲವೂ ಅದೇ ಬೀರುವಿನಿಂದಲೇ ಬರುತ್ತಾನೆ, ನಾಲ್ಕನೇ ಸಲಕ್ಕೆ ಅವನ ಹೆದರಿಕೆ ಹೋಗಿ ಅವನು ನಮ್ಮವನೇ ಆಗಿಬಿಡುತ್ತಾನೆ. ಗಾಡಿ ನಿಲ್ಲುವುದಿಲ್ಲ. ಮೆಟ್ಟಿಲ ಹತ್ತಿರ ಒಂದು ಬಟ್ಟೆಯ ಪರದೆ ಇದೆ, ನೆರಿಗೆ ಬಹಳ ಚೆನ್ನಾಗಿ ಹಿಡಿದಿದ್ದಾರೆ, ನೋಡೋಣ ಎಂದರೆ ಮುಂದೆ ಹೋಗಿಬಿಡುತ್ತದೆ. ಬಲಗಡೆಯ ಬಂದೂಕು ಗುರಿ ಇಟ್ಟದ್ದಕ್ಕಿಂತ ನಾಲ್ಕು ಬೆರಳು ಎಡಕ್ಕೆ ಹೊಡೆಯುತ್ತದೆ.

ಇನ್ನೊಂದಿದೆ. ಒಬ್ಬರೇ ಆಡುವಾಗ ಪರದೆಯ ಎಡ ಮೂಲೆಯಲ್ಲಿ “ಎರಡನೆಯವರು ಬನ್ನಿ, ಬಂದೂಕು ಹಿಡಿಯಿರಿ” ಎಂಬ ಅಕ್ಷರ ಮಿಣುಕುತ್ತಲೇ ಇರುತ್ತದೆ. ಆಟ ಮುಗಿಯುವವರೆಗೂ ನಿಲ್ಲುವುದಿಲ್ಲ.

ಇಂತಿ,
ಅತ್ತಿಗೆ


ಜುಲೈ ೯, ಬುಧವಾರ

ಪ್ರೀತಿಯ ಅತ್ತಿಗೆ,

ನಿಮ್ಮ ಪತ್ರವನ್ನು ವಿಶ್ರಾಂತಿ ಕೋಣೆಯಲ್ಲಿ ಓದಿ ಗಟ್ಟಿಯಾಗಿ ನಕ್ಕುಬಿಟ್ಟೆ. ಗೊರಕೆಯವರು ಎದ್ದು ಕೂತು, “ಏನಮ್ಮ, ಬಡ್ತಿ ಬಂತಾ?” ಎಂದರು. ಪೆಡಲಿನ ಭಾಗ ಓದಿ ಹೇಳಿದೆ. ಅವರೂ ನಿದ್ದೆ ಬಿಟ್ಟು ನಕ್ಕರು. ಈಗ ಇಲ್ಲಿ ಯಾರಾದರೂ ಸುಮ್ಮನೆ ಕಾಲು ಅಲ್ಲಾಡಿಸಿದರೆ “ದೆವ್ವ ಓಡಿಸ್ತಿದ್ದೀಯೇನೋ?” ಎನ್ನುತ್ತಾರೆ. ಇಪ್ಪತ್ತು ವರ್ಷ ಆಡಿದ ನಾವಿಬ್ಬರೂ ಕಾಣದ ದೋಷವನ್ನು ನೀವು ಒಂದೇ ಆಟದಲ್ಲಿ ಹಿಡಿದಿರಿ. ಅಣ್ಣ ಇದ್ದಿದ್ದರೆ ಅಂಗಡಿ ಮುಂದೆ ಬೋರ್ಡು ಬರೆದು ಹಾಕುತ್ತಿದ್ದ.

ಬಲಗಡೆಯ ಬಂದೂಕಿನ ವಿಷಯ ಹೇಳಬೇಕು. ಯಾರಿಗೂ ಹೇಳಿಲ್ಲ.

ಮೊದಮೊದಲು ನನಗೆ ಆ ಆಟ ಎಂದರೆ ಪ್ರಾಣ ಹೋಗುವ ಹೆದರಿಕೆ. ಗುಂಡು ಹಾರಿಸುವಾಗ ಕಣ್ಣು ಮುಚ್ಚಿ ಬಂದೂಕನ್ನು ಬಲಕ್ಕೆ ಎಳೆದುಬಿಡುತ್ತಿದ್ದೆ. ಒಂದೂ ತಾಗುತ್ತಿರಲಿಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ ಎಲ್ಲ ತಾಗತೊಡಗಿತು. ನಾನು ಶೂರಳಾದೆ ಎಂದುಕೊಂಡೆ. ಆ ಧೈರ್ಯದಲ್ಲೇ ಚಾಲಕಿಯ ಪರೀಕ್ಷೆಗೆ ಕೂತೆ ಎಂದರೂ ಸುಳ್ಳಲ್ಲ. ತರಬೇತಿಗೆ ಹೋದ ಊರಿನಲ್ಲಿ ಇದೇ ಪೆಟ್ಟಿಗೆ ಕಂಡಿತು. ಜೊತೆಯವರ ಮುಂದೆ ಬಡಾಯಿ ಕೊಚ್ಚಿ ನಿಂತೆ. ಒಂದು ದೆವ್ವಕ್ಕೂ ತಾಗಲಿಲ್ಲ ಅತ್ತಿಗೆ! ಎಲ್ಲ ಗುಂಡೂ ಬಲಗಡೆಯ ಗೋಡೆಗೆ. ಆಗ ತಿಳಿಯಿತು, ಅಣ್ಣ ನಮ್ಮ ಬಂದೂಕಿನ ಗುರಿಯನ್ನು ನನ್ನ ಹೆದರಿಕೆಯ ಅಳತೆಗೆ ನಾಲ್ಕು ಬೆರಳು ಎಡಕ್ಕೆ ತಿರುಗಿಸಿ ಇಟ್ಟಿದ್ದ. ಬಂದು ಕೇಳಿದರೆ, “ಬಂದೂಕಿಗೆ ವಯಸ್ಸಾಯ್ತು ಕಣೇ, ಹಾಗೇ ಆಗತ್ತೆ” ಅಂದ. ನಾನು ಮತ್ತೆ ಕೇಳಲಿಲ್ಲ.

ಗಾಡಿ ನಿಲ್ಲುವುದಿಲ್ಲ ಎಂದು ಬರೆದಿರಿ. ಹಳಿಯ ಮೇಲೆ ಓಡಿಸುವವಳಿಗೆ ಏನು ಕೆಲಸ, ಸ್ಟಿಯರಿಂಗೂ ಇಲ್ಲ ಎಂದು ನನ್ನನ್ನೂ ಜನ ಕೇಳುತ್ತಾರೆ. ಹೋಗುವ ದಾರಿ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಕಣ್ಣು ತೆರೆದು ಕೂರುವುದು ನಮ್ಮ ಕೈಯಲ್ಲಿದೆ. ನನಗೆ ಗೊತ್ತಿರುವುದು ಅಷ್ಟು.

ಮಿಣುಕುವ ಅಕ್ಷರದ ಬಗ್ಗೆ ಏನೂ ಬರೆಯಲಾರೆ. ಮೂರು ಸಲ ಶುರುಮಾಡಿ ಹೊಡೆದುಹಾಕಿದೆ, ಕಾಗದದ ಹಿಂಬದಿಯಲ್ಲಿ ಗುರುತು ಕಾಣಬಹುದು.

ನಿಮ್ಮ
ಬುಗುರಿ


ಜುಲೈ ೧೫, ಮಂಗಳವಾರ

ಪ್ರೀತಿಯ ಬುಗುರಿಗೆ,

ಈಗ ಬೆಳಗಿನ ಏಳು ಗಂಟೆ. ಇವತ್ತು ನಾಲ್ಕು ರವಿಕೆ, ಒಂದು ಸೋಫಾ ಹೊದಿಕೆ ಇವೆ. ಮೊದಲು ಇದು.

ನಿನ್ನ ಪತ್ರ ಹಿಡಿದುಕೊಂಡು ಹೋಗಿ ಆ ಬಂದೂಕನ್ನು ಒರೆಸಿದೆ. ಕಣ್ಣು ಮುಚ್ಚಿ ಬಲಕ್ಕೆ ಎಳೆದು ಹೊಡೆದೆ. ಅಡುಗೆಯವ ಬಿದ್ದ.

ಆವತ್ತಿನದು ಬರೆಯುತ್ತೇನೆ. ಊಟಕ್ಕೆ ಬನ್ನಿ ಎಂದು ನಿನ್ನಣ್ಣನಿಗೆ ಎರಡು ಸಲ ಹೇಳಿ ಕಳಿಸಿದ್ದೆ. “ಬಂದೂಕಿನ ಒಂದು ಸ್ಪ್ರಿಂಗು ಕೂರಿಸಿ ಬಂದೆ” ಎಂದು ಹೇಳಿ ಕಳಿಸಿದರು. ನಾನು ಸಿಟ್ಟಿನಲ್ಲಿ ಮೂರನೇ ಸಲ ಹೇಳಿ ಕಳಿಸಲಿಲ್ಲ. ಅವರು ಅಲ್ಲೇ ಪೆಟ್ಟಿಗೆಯ ಬುಡದಲ್ಲಿ ಕುಸಿದರು. ಎಲ್ಲಿದ್ದರೂ ಆ ಹೃದಯ ಅವತ್ತೇ ನಿಲ್ಲುತ್ತಿತ್ತು ಎಂದು ಡಾಕ್ಟರು ಹೇಳಿದರು. ಅದು ನನ್ನ ಕಿವಿಗೆ ಹೋಗಲಿಲ್ಲ. ಯಾರ ಮೇಲಾದರೂ ಹೊರಿಸದೆ ನಿಲ್ಲಲು ಆಗುತ್ತಿರಲಿಲ್ಲ. ಪೆಟ್ಟಿಗೆಗೆ ಬಾಯಿಲ್ಲ, ನೀನು ಎದುರಿಗಿದ್ದೆ. ತಪ್ಪು ನನ್ನದು ಬುಗುರಿ. ನೀನು ಅವರಿಗೆ ಒಬ್ಬಳೇ ತಂಗಿ, ನಿನ್ನ ದುಃಖಕ್ಕೆ ನನ್ನ ಮನೆಯ ಬಾಗಿಲು ಹಾಕಿಬಿಟ್ಟೆ.

ಗುಣದೋಷ ಬರೆದು ಜೋಡಿ ಕನ್ನಡಕದಮ್ಮನಿಗೆ ಕೊಟ್ಟೆ. ಒಂದು ಕನ್ನಡಕದಲ್ಲಿ ಗುಣ ಓದಿದರು, ಇನ್ನೊಂದು ಹಾಕಿಕೊಂಡು ದೋಷ ಓದಿದರು.

“ಅಕ್ಷರ ಮಿಣುಕತ್ತೆ ಅಂತ ದೋಷದಲ್ಲಿ ಬರ್ದಿದ್ದೀರಿ. ಇನ್ನೊಬ್ಬರನ್ನ ಕರೆಯೋದು ಅದರ ಕಸುಬು ಕಣಮ್ಮ.”

“ಇರ್ಬಹುದು. ನನಗೆ ಅದು ದೋಷ.”

ಅವರು ನನ್ನ ಮುಖ ನೋಡಿದರು. “ಸರಿ, ದೋಷ ಅಂತಲೇ ಇರ್ಲಿ. ನಾನೂ ಒಬ್ಬಳೇ ಇರೋಳು,” ಎಂದು ಮಡಚಿ ಚೀಲದಲ್ಲಿ ಇಟ್ಟುಕೊಂಡರು. ಪೆಟ್ಟಿಗೆಯನ್ನು ತೆಗೆದುಕೊಳ್ಳುತ್ತಾರೆ. ಇಪ್ಪತ್ತೆಂಟನೇ ತಾರೀಕು ಸೋಮವಾರ ಲಾರಿ ಕಳಿಸುತ್ತಾರೆ.

ಇಪ್ಪತ್ತೇಳು ಭಾನುವಾರ. ನಾನು ಮನೆಯಲ್ಲೇ ಇರುತ್ತೇನೆ. ನಿನ್ನ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಬಾ ಎಂದು ಕರೆಯುವ ಮುಖ ನನಗಿಲ್ಲ, ಆದರೂ ಬಾ.

ನಿನ್ನ
ಅತ್ತಿಗೆ


ಜುಲೈ ೨೧, ಸೋಮವಾರ

ಅತ್ತಿಗೆ,

ಒಂದೇ ದಿನದ ರಜೆ ಸಿಕ್ಕಿತು. ಮೇಲಧಿಕಾರಿ ಕಾರಣ ಕೇಳಿದರು. “ಮನೆಯಲ್ಲಿ ದೆವ್ವ ಇದೆ ಸಾರ್, ನಾನೂ ಅತ್ತಿಗೇನೂ ಸೇರಿ ಹೊಡೀಬೇಕು” ಎಂದೆ. “ಹೋಗಮ್ಮ ಹೋಗು” ಎಂದು ಸಹಿ ಹಾಕಿದರು.

ಬರುತ್ತೇನೆ. ಕ್ಷಮೆ ಗಿಮೆ ಎಂದು ಮಾತು ತೆಗೆದರೆ ಅದೇ ಗಾಡಿಗೆ ವಾಪಸ್ಸು.

ಬುಗುರಿ


ಆಗಸ್ಟ್ ೭, ಗುರುವಾರ

ಪ್ರೀತಿಯ ಬುಗುರಿಗೆ,

ಈಗ ಸಂಜೆ ನಾಲ್ಕೂವರೆ. ಬೆಳಗ್ಗೆ ಒಂದು ಕೋಟಿನ ಅಸ್ತರು ಬದಲಾಯಿಸಿದೆ, ಮಧ್ಯಾಹ್ನ ಕೆರೆಯ ದಂಡೆಗೆ ಹೋಗಿ ಬಂದೆ.

ನೀನು ಹೋಗಿ ಹನ್ನೊಂದು ದಿನವಾಯಿತು. ಆ ಭಾನುವಾರವನ್ನು ದಿನಕ್ಕೊಂದು ಸಲವಾದರೂ ತಿರುವಿ ನೋಡುತ್ತೇನೆ. ನೀನು ಒಳಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ನನ್ನನ್ನು ಎಳೆದುಕೊಂಡು ಹೊರಟದ್ದು. ಪೆಟ್ಟಿಗೆಯ ಮುಂದೆ ನಾನು ಹಿಂಜರಿದಾಗ ನೀನು ಹೇಳಿದ್ದು.

“ಎಡಗಡೆ ನಿಂತ್ಕೊಳ್ಳಿ ಅತ್ತಿಗೆ.”

“ಅದು ಅವರ ಜಾಗ ಕಣೇ.”

“ಜಾಗ ಅವನದ್ದೇ. ಅವನ ಮನೆಯವರಲ್ಲದೆ ಇನ್ಯಾರು ನಿಲ್ತಾರೆ? ಬೇಗ, ಅಡುಗೆಯವನು ಬಂದ!”

ನೀನು ಕಿರುಚುವುದು ನಿಂತಿಲ್ಲ, ನಾನು ತುಳಿಯುವುದು ನಿಂತಿಲ್ಲ. ಕೊನೆಯ ಮಾಳಿಗೆಯಲ್ಲಿ ಆ ಆನೆ ಗಾತ್ರದ ನುಸಿ ರೆಕ್ಕೆ ಬಿಚ್ಚಿದಾಗ ನನಗೆ ಹೆದರಿಕೆಯೇ ಆಗಲಿಲ್ಲ. ಬಟ್ಟೆ ತಿನ್ನುವ ಜಾತಿ, ನನ್ನ ಕುಲವೈರಿ. ಮೂವತ್ತು ವರ್ಷದ ಸೇಡು ತೀರಿಸಿಕೊಂಡೆ. “ಅತ್ತಿಗೆ, ಸತ್ತಾಯ್ತು, ಬಿಡಿ, ಸತ್ತಾಯ್ತು!” ಎಂದು ನೀನು ನನ್ನ ಕೈ ಹಿಡಿದುಕೊಳ್ಳಬೇಕಾಯಿತು. ಷಟರಿನ ಹೊರಗೆ ಗಡಿಯಾರದವರು, ಹಾಲಿನವರು, ಗೋಡೆಯ ಅಳತೆಗೆ ಬಂದಿದ್ದ ಹಲ್ಲಿನ ಡಾಕ್ಟರು ಎಲ್ಲ ನಿಂತಿದ್ದರು. ಡಾಕ್ಟರು, “ಇಲ್ಲಿ ಇಷ್ಟು ಬಾಯಿ ತೆರೆಯೋ ಜನ ಇದ್ದಾರೆ ಅಂದ್ರೆ ನನಗೆ ಚಿಂತೆ ಇಲ್ಲ” ಎಂದರಲ್ಲ, ನೆನೆದರೆ ಈಗಲೂ ನಗು.

ಆಮೇಲೆ ನೀನು ಪೆಟ್ಟಿಗೆಯ ಹಿಂಬಾಗಿಲು ತೆಗೆದು ಬಲಗಡೆಯ ಬಂದೂಕಿನ ಗುರಿ ಸರಿಮಾಡಿದೆ. ನಾನು ಬೇಡವೆಂದೆ. “ನನ್ನ ಹೆದರಿಕೆ ಊರವರಿಗೆಲ್ಲ ಯಾಕೆ ಅತ್ತಿಗೆ?” ಎಂದೆ ನೀನು. ಒಳಗೆ ತಲೆ ಹಾಕಿಕೊಂಡು ಬಹಳ ಹೊತ್ತು ಇದ್ದೆ. ನಾನು ಹೊರಗೆ ನಿಂತು ಟಾರ್ಚು ಹಿಡಿದಿದ್ದೆ.

ಇವತ್ತು ಕೆರೆಯ ದಂಡೆಯಲ್ಲಿ ನೋಡಿದೆ. ಪೆಟ್ಟಿಗೆಯನ್ನು ಕಿಟಕಿಯ ಪಕ್ಕ ಇಟ್ಟಿದ್ದಾರೆ. ಹೊಟೇಲಿನ ಬಾಣಸಿಗರೊಬ್ಬರು ಒಬ್ಬರೇ ಆಡುತ್ತಿದ್ದರು, ಅಡುಗೆಯವನಿಗೆ ಹೊಡೆಯಲು ಮನಸ್ಸಿಲ್ಲದೆ ಒದ್ದಾಡುತ್ತಿದ್ದರು. ಎಡ ಮೂಲೆಯಲ್ಲಿ ಅಕ್ಷರ ಮಿಣುಕುತ್ತಿತ್ತು. ಜೋಡಿ ಕನ್ನಡಕದಮ್ಮ ನನ್ನನ್ನು ನೋಡಿದರು. ನಾನು ಹೋಗಿ ಎಡಗಡೆಯ ಬಂದೂಕು ಹಿಡಿದೆ. ಅಕ್ಷರ ನಿಂತಿತು. ಅದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ.

ಬಾಣಸಿಗರು, “ನೀವು ಎಲ್ಲಿ ಕಲಿತ್ರಿ?” ಎಂದು ಕೇಳಿದರು. ಮನೆಯಲ್ಲಿ ಎಂದೆ.

ನಿನ್ನನ್ನು ನಮ್ಮೂರ ಮೂಲಕ ಹೋಗುವ ಗಾಡಿಗೇ ಹಾಕಿದ್ದಾರೆ ಎಂಬ ಸುದ್ದಿ ನಿನ್ನೆ ತಲುಪಿತು. ಅದಕ್ಕೇ ಈ ಪತ್ರಕ್ಕೆ ಅಂಚೆಚೀಟಿ ಹಚ್ಚಿಲ್ಲ, ಸ್ಟೇಷನ್ನಿಗೆ ಬಂದು ಕೈಗೇ ಕೊಡುತ್ತೇನೆ. ನಿನಗೊಂದು ಹೊಸ ಅಂಗಿ ಹೊಲಿದಿದ್ದೇನೆ, ತೋಳು ಸರಿಯಾಯಿತೋ ಇಲ್ಲವೋ ಅಲ್ಲೇ ಹಾಕಿ ನೋಡಿಬಿಡು. ಸ್ಟೇಷನ್ನಿನಲ್ಲಿ ವಿಚಾರಿಸಿ ಬಂದೆ. ನಾಳೆ ನಿನ್ನ ಗೂಡ್ಸ್ ಗಾಡಿ ಬೆಳಗ್ಗೆ ಹತ್ತು ನಲವತ್ತಕ್ಕೆ ಬರುತ್ತದೆ, ಆರು ನಿಮಿಷ ನಿಲ್ಲುತ್ತದೆ.

ನಿನ್ನ
ಅತ್ತಿಗೆ